ಉದಾರವಾದಿ ಚಿಂತಕರು: ಧಾರವಾಡದಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಬಂದು, ರೂಮ್ ಮಾಡಿಕೊಂಡು ಓದುವವರು ಇವರು. ಪಾಠ ಮುಗಿದ ಮೇಲೆ ಚಹಾದಂಗಡಿಯಲ್ಲಿ ಕೇಳಿದ್ದು, ಊರಿಗೆ ಹೋದ ಮೇಲೆ ಪತ್ರ ಬರೆದು ಕೇಳಿದ್ದು, ಹಿರಿಯರು ಜಗಳ ತೆಗೆದು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಶುರುವಿನ ಪ್ರಶ್ನೆಗಳು

ಸರ್, ಉದಾರವಾದ ಅಂದ್ರೆ ಉದಾರ ಮನಸ್ಸು ಇರೋದಾ? ದಾನ ಧರ್ಮ ಮಾಡೋದಾ?

ಅಲ್ಲ. ಈ ಗೊಂದಲಕ್ಕೆ ಕಾರಣ ನಮ್ಮ ಅನುವಾದ. ಲಿಬರಲ್ ಎಂಬ ಮಾತಿನ ಬೇರು ಲ್ಯಾಟಿನ್ನಿನ ಲಿಬರ್. ಹಾಗೆಂದರೆ ಸ್ವತಂತ್ರ, ಯಾರ ಆಳೂ ಅಲ್ಲದವನು. ಸ್ವಾತಂತ್ರ್ಯವಾದ ಎಂದು ಕರೆದಿದ್ದರೆ ಅರ್ಧ ಗೊಂದಲ ಇರುತ್ತಲೇ ಇರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿ ಹುಡುಗಿಯರ ಪಿಜಿಗಳಲ್ಲಿ ರಾತ್ರಿ ಇಷ್ಟು ಗಂಟೆಗೆ ಗೇಟು ಹಾಕುತ್ತಾರೆ, ಹುಡುಗರ ಪಿಜಿಗಳಲ್ಲಿ ಅಷ್ಟು ಕಟ್ಟುನಿಟ್ಟು ಇರುವುದಿಲ್ಲ ಅಂದುಕೊಳ್ಳಿ. ಒಬ್ಬ ಹುಡುಗಿ ಹೊರಗೆ ಹೋಗಬೇಕು ಅಂದಾಗ ನಾವು ಥಟ್ಟನೆ ಕೇಳುವುದು 'ಯಾಕೆ ಹೋಗಬೇಕು?' ಅಂತ. ಉದಾರವಾದಿ ಕೇಳುವುದು 'ಯಾಕೆ ತಡೆಯಬೇಕು?' ಅಂತ. ತಡೆಯುವವನು ಕಾರಣ ಕೊಡಬೇಕು. ಆ ಕಾರಣವನ್ನು ತಡೆಸಿಕೊಂಡವಳು ಪರೀಕ್ಷಿಸುವಂತಿರಬೇಕು. ಕಾರಣ ಸರಿಯಿದ್ದರೆ ತಡೆಯಬಹುದು, ಉದಾರವಾದ ಅದನ್ನು ಬೇಡ ಎನ್ನುವುದಿಲ್ಲ.

ಹಾಗಾಗಿ ನಾನು ಮಕ್ಕಳಿಗೆ ಹೇಳುವುದು ಒಂದೇ. ಈ ಚಿಂತಕರನ್ನು ಓದುವಾಗ 'ಇವರು ಯಾರ ಕೈ ನೋಡಿ ಹೆದರಿದ್ದರು?' ಎಂದು ಕೇಳಿಕೊಳ್ಳಿ. ಒಬ್ಬ ರಾಜನ ಕೈಗೆ ಹೆದರುತ್ತಾನೆ, ಇನ್ನೊಬ್ಬ ನೆರೆಹೊರೆಯವರ ಬಾಯಿಗೆ. ಮತ್ತೊಬ್ಬನ ಹೆದರಿಕೆ ಹುಟ್ಟಿದ ಮನೆಯ ಬಡತನದ್ದು. ಆ ಹೆದರಿಕೆ ಗೊತ್ತಾದರೆ ಸಿದ್ಧಾಂತ ತಾನಾಗಿ ಬಿಚ್ಚಿಕೊಳ್ಳುತ್ತದೆ.

1991ರ ಉದಾರೀಕರಣ, ಟಿವಿಯಲ್ಲಿ ಬೈಯೋ ಲಿಬರಲ್‌ಗಳು, ಇದೆಲ್ಲ ಒಂದೇನಾ?

ಮೂರೂ ಬೇರೆ. 1991ರದ್ದು ಆರ್ಥಿಕ ನೀತಿ: ಲೈಸೆನ್ಸ್ ಕಡಿಮೆ ಮಾಡಿದ್ದು, ಆಮದು ಸುಂಕ ಇಳಿಸಿದ್ದು. ಟಿವಿಯಲ್ಲಿ ಆ ಪದ ಬರೀ ಬೈಗುಳವಾಗಿದೆ, ಅದರಿಂದ ಕಲಿಯುವುದು ಏನೂ ಇಲ್ಲ. ಅಮೆರಿಕದಲ್ಲಿ ಲಿಬರಲ್ ಅಂದರೆ ಬಡವರಿಗಾಗಿ ಸರ್ಕಾರ ಜಾಸ್ತಿ ಖರ್ಚು ಮಾಡಲಿ ಎನ್ನುವವರು. ಯುರೋಪಿನ ಬಹಳ ಕಡೆ ಅದೇ ಪದ ಮಾರುಕಟ್ಟೆಯ ಪರ ಇರುವವರಿಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಯಾವುದರ ಬಗ್ಗೆ ಎಂದು ಮೊದಲು ನೋಡಿಕೊಳ್ಳಿ.

ಹಾಬ್ಸ್‌ನ ಉದಾರವಾದಿ ಅಂತ ಬರೀಬಹುದಾ?

ಬರೆಯಬೇಡಿ. ಆತನ ಪುಸ್ತಕ 'ಲೆವಿಯಥನ್' ಬಂದದ್ದು 1651ರಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದ ಬೆನ್ನಿಗೇ. ಆತ ಹೆದರಿದ್ದು ಅರಾಜಕತೆಗೆ. ಅದಕ್ಕೇ ಎಲ್ಲ ಅಧಿಕಾರವನ್ನೂ ಒಬ್ಬ ದೊರೆಯ ಕೈಗೆ ಕೊಟ್ಟುಬಿಡಿ ಎಂದ. ಆದರೆ ಆ ಅಧಿಕಾರ ದೇವರಿಂದ ಬಂದದ್ದಲ್ಲ, ಜನ ಒಪ್ಪಂದ ಮಾಡಿಕೊಂಡು ಕೊಟ್ಟದ್ದು ಎಂದ. ಉದಾರವಾದಿಗಳಿಗೆ ಬಾಗಿಲು ತೆರೆದದ್ದು ಅದೊಂದೇ ಮಾತು.

ಲಾಕ್ ಏನ್ ಹೇಳ್ಯಾನ್ರೀ, ಒಂದs ಮಾತಿನ್ಯಾಗ ಹೇಳ್ರಿ.

ಒಂದೇ ಮಾತಿನಲ್ಲಾದರೆ: ಅಧಿಕಾರ ಎನ್ನುವುದು ಜನ ನಂಬಿ ಸರ್ಕಾರದ ಹತ್ತಿರ ಇಟ್ಟ ಠೇವಣಿ, ನಂಬಿಕೆ ಮುರಿದರೆ ಠೇವಣಿ ವಾಪಸ್.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಾನ್ ಲಾಕ್ 1632ರಲ್ಲಿ ಹುಟ್ಟಿ 1704ರಲ್ಲಿ ತೀರಿಕೊಂಡ. ರಾಜನ ವಿರೋಧಿಗಳ ಜೊತೆಗಿದ್ದ ಅಂತ ಕೆಲವು ವರ್ಷ ಹಾಲೆಂಡಿನಲ್ಲಿ ತಲೆಮರೆಸಿಕೊಂಡಿದ್ದ. 1689ರಲ್ಲಿ ವಾಪಸ್ ಬಂದ ಮೇಲೂ ಸರ್ಕಾರದ ಬಗೆಗಿನ ತನ್ನ ಎರಡು ಪ್ರಬಂಧಗಳನ್ನು ಹೆಸರು ಹಾಕದೆಯೇ ಪ್ರಕಟಿಸಿದ. ಜೀವ, ಸ್ವಾತಂತ್ರ್ಯ, ಆಸ್ತಿ ಇವು ರಾಜ ಕೊಟ್ಟ ಭಿಕ್ಷೆಯಲ್ಲ, ರಾಜ ಹುಟ್ಟುವ ಮೊದಲೇ ಇದ್ದವು. ಅವನ್ನು ಕಾಯಲಿಕ್ಕೆ ಅಂತಲೇ ಜನ ಸರ್ಕಾರ ಮಾಡಿಕೊಂಡರು. ಕಾಯುವವನೇ ಕಸಿಯತೊಡಗಿದರೆ ಎದುರು ನಿಲ್ಲುವ ಹಕ್ಕು ಜನರಿಗಿದೆ.

ಒಪ್ಪಿಗೆಯಿಲ್ಲದೆ ತೆರಿಗೆ ಹಾಕುವಂತಿಲ್ಲ ಎನ್ನುವುದೂ ಲಾಕ್‌ನ ಮಾತೇ. ಇದನ್ನು ಹೇಳುವಾಗ ನನಗೆ ನೆನಪಾಗುವುದು 1980ರ ಜುಲೈ. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದರು, ಗುಂಡಿಗೆ ಬಲಿಯೂ ಆದರು. ಅವರಲ್ಲಿ ಯಾರೂ ಲಾಕ್‌ನನ್ನು ಓದಿರಲಿಕ್ಕಿಲ್ಲ. ಆದರೆ 'ನಮ್ಮನ್ನು ಕೇಳದೆ, ನಮಗೆ ಆದ ಲಾಭ ಎಷ್ಟು ಎಂದು ನೋಡದೆ ಕರ ಯಾಕೆ?' ಎನ್ನುವ ಪ್ರಶ್ನೆ ಲಾಕ್‌ನ ಪ್ರಶ್ನೆಯೇ.

ಆಸ್ತಿ ಹೇಗೆ ನಮ್ಮದಾಗುತ್ತದೆ? ಬೀಳು ನೆಲಕ್ಕೆ ನಮ್ಮ ದುಡಿಮೆ ಸೇರಿಸಿದಾಗ, ಅಂತಾನೆ. ಆದರೆ ಬೇರೆಯವರಿಗೂ ಸಾಕಷ್ಟು, ಅಷ್ಟೇ ಒಳ್ಳೆಯದು ಉಳಿದಿರಬೇಕು ಎಂಬ ಷರತ್ತು ಇದೆ. ಆ ಷರತ್ತನ್ನು ಎಲ್ಲರೂ ಮರೆಯುತ್ತಾರೆ, ಉತ್ತರಪತ್ರಿಕೆಯಲ್ಲೂ ಬಿಡುತ್ತಾರೆ.

ಲಾಕ್‌ನ ದುರ್ಬಲ ಜಾಗ ಒಪ್ಪಿಗೆ. ನಾನು ಯಾವಾಗ ಒಪ್ಪಿದೆ? ರಾಜ್ಯದ ಹೆದ್ದಾರಿಯಲ್ಲಿ ಸುಮ್ನೆ ನಡೆದು ಹೋದರೂ ಮೌನ ಒಪ್ಪಿಗೆ ಕೊಟ್ಟ ಹಾಗೆ ಅಂತಾನೆ. ನನಗೆ ಇದು ಇವತ್ತಿಗೂ ಗಂಟಲಿಗೆ ಇಳಿದಿಲ್ಲ.

ಮಾಂಟೆಸ್ಕ್ಯೂ ಬಗ್ಗೆ ಎಷ್ಟು ಓದ್ಬೇಕು?

ಫ್ರಾನ್ಸಿನ ಈ ಚಿಂತಕನ ಮುಖ್ಯ ಪುಸ್ತಕ 1748ರ 'ದಿ ಸ್ಪಿರಿಟ್ ಆಫ್ ದಿ ಲಾಸ್'. ಅದರ ಸಾರ ಇಷ್ಟು. ಕಾನೂನು ಮಾಡುವವರು, ಜಾರಿ ಮಾಡುವವರು, ತೀರ್ಪು ಕೊಡುವವರು ಬೇರೆ ಬೇರೆ ಇರಬೇಕು. ಮೂರೂ ಒಂದೇ ಕೈಗೆ ಬಂದರೆ ಸ್ವಾತಂತ್ರ್ಯ ಮುಗಿಯಿತು. ಅಧಿಕಾರವನ್ನು ತಡೆಯಬೇಕಾದದ್ದು ಇನ್ನೊಂದು ಅಧಿಕಾರವೇ, ಒಳ್ಳೆಯ ಮನಸ್ಸು ಅಲ್ಲ. ಇಷ್ಟು ಸಾಕು.

ಆಡಂ ಸ್ಮಿತ್ ವ್ಯಾಪಾರಸ್ಥರ ಪರ ಅಲ್ವಾ? ಆತನ್ನ ಯಾಕೆ ತತ್ವಜ್ಞಾನಿ ಅಂತೀರಿ?

ಆತ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. 1776ರ 'ವೆಲ್ತ್ ಆಫ್ ನೇಷನ್ಸ್'ಗಿಂತ 17 ವರ್ಷ ಮೊದಲೇ ಮನುಷ್ಯರ ನಡುವಿನ ಮರುಕ, ಸಹಾನುಭೂತಿಯ ಮೇಲೆ ದೊಡ್ಡ ಪುಸ್ತಕ ಬರೆದಿದ್ದ. ವ್ಯಾಪಾರದ ಪರ ನಿಜ, ವ್ಯಾಪಾರಸ್ಥರ ಪರ ಅಲ್ಲ. ಒಂದೇ ಧಂದೆಯವರು ಸೇರಿದರೆಂದರೆ ಮಾತು ಕೊನೆಗೆ ಗಿರಾಕಿಯ ವಿರುದ್ಧ ಸಂಚಿಗೇ ಹೋಗಿ ಮುಟ್ಟುತ್ತದೆ ಎಂದು ಬರೆದವನು ಅವನೇ. ದಲಾಲಿ ಅಂಗಡಿಗಳ ಸಾಲಿನಲ್ಲಿ ಒಂದು ದಿನ ಕೂತರೆ ಸ್ಮಿತ್ ಏನು ನೋಡಿದ್ದ ಎಂದು ಯಾವ ರೈತನಿಗೂ ತಿಳಿಯುತ್ತದೆ.

ಈಸ್ಟ್ ಇಂಡಿಯಾ ಕಂಪನಿಯನ್ನೂ ಆತ ಬಿಡಲಿಲ್ಲ. ವ್ಯಾಪಾರಿಯ ಕೈಗೆ ರಾಜ್ಯ ಕೊಟ್ಟರೆ ಅವನು ಪ್ರಜೆಗಳನ್ನು ಗಿರಾಕಿಗಳಾಗಿ, ಲೂಟಿಗೆ ಸಿಕ್ಕವರಾಗಿ ನೋಡುತ್ತಾನೆ ಎನ್ನುವುದು ಅವನ ವಾದದ ಸಾರ. ಕಂಪನಿ ಸರ್ಕಾರದ ಕೆಳಗೆ ನರಗುಂದದ ಸಂಸ್ಥಾನ ಏನಾಯಿತೆಂದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

## ಓದಲು ಶುರು ಮಾಡಿದವರ ಪ್ರಶ್ನೆಗಳು

ಮಿಲ್ ಹೇಳೋ ಹಾನಿ ತತ್ವ ಅಂದ್ರೆ ಯಾರಿಗೂ ತೊಂದರೆ ಕೊಡದೆ ಏನ್ ಬೇಕಾದ್ರೂ ಮಾಡಬಹುದು ಅಂತಾನಾ?

ಹತ್ತಿರ ಬಂದಿದ್ದೀರಿ. ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ 'ಆನ್ ಲಿಬರ್ಟಿ' ಬರೆದ. ಬುದ್ಧಿ ಬಲಿತ ವ್ಯಕ್ತಿಯನ್ನು ಬಲವಂತವಾಗಿ ತಡೆಯಲು ಒಂದೇ ಕಾರಣ ಸಾಕಾಗುತ್ತದೆ: ಅವನಿಂದ ಬೇರೆಯವರಿಗೆ ಹಾನಿಯಾಗುವುದು. 'ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ' ಎನ್ನುವುದು ಬುದ್ಧಿ ಹೇಳಲು, ಬೇಡಿಕೊಳ್ಳಲು ಸಾಕು. ಕೈ ಹಿಡಿದು ಎಳೆಯಲು ಸಾಲದು.

ಆದರೆ ಮಿಲ್ ನಿಜವಾಗಿ ಹೆದರಿದ್ದು ಪೊಲೀಸರಿಗಲ್ಲ, ಓಣಿಗೆ. ಜನ ಏನಂತಾರೆ ಎನ್ನುವ ಒತ್ತಡಕ್ಕೆ. ಕಾನೂನಿನ ಕೈಯಿಂದ ತಪ್ಪಿಸಿಕೊಳ್ಳಬಹುದು, ಜನರ ಕಣ್ಣು ಮನೆಯೊಳಗೇ ಬರುತ್ತದೆ ಎಂದ. ಇಂಜಿನಿಯರಿಂಗ್ ಬಿಟ್ಟು ತಬಲಾ ಕಲಿಯುತ್ತೇನೆ ಎನ್ನುವ ಹುಡುಗನನ್ನು ಯಾವ ಕಾನೂನೂ ತಡೆಯುವುದಿಲ್ಲ. ಆದರೂ ಹತ್ತರಲ್ಲಿ ಎಂಟು ಮಂದಿ ಆ ಮಾತನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವುದೇ ಇಲ್ಲ. ಸಂಗೀತಕ್ಕೆ ಹೆಸರಾದ ಧಾರವಾಡದಲ್ಲೇ ಈ ಕಥೆ. ಇಷ್ಟಪಟ್ಟದ್ದನ್ನು ಕೇಳುವುದಿರಲಿ, ತಮಗೆ ಏನಿಷ್ಟ ಎಂಬುದೇ ಜನರಿಗೆ ಗೊತ್ತಿಲ್ಲದಂತಾಗುತ್ತದೆ ಎಂದು ಮಿಲ್ ಕೊರಗಿದ್ದು ಇದಕ್ಕೇ.

ನನ್ನ ಭಾವನೆಗೆ ನೋವಾಯ್ತು ಅಂದ್ರೆ ಅದೂ ಹಾನಿ ಅಲ್ವಾ? ಬಾಯಿಗೆ ಬಂದದ್ದು ಮಾತಾಡೋಕೆ ಬಿಡಬೇಕಾ?

ಎಲ್ಲಕ್ಕಿಂತ ಜಾಸ್ತಿ ಸಲ ಬರುವ ಪ್ರಶ್ನೆ ಇದು. ನಿಧಾನವಾಗಿ ಹೇಳುತ್ತೇನೆ.

ಮಿಲ್ ಕೊಟ್ಟ ಉದಾಹರಣೆ ಕಾಳಿನ ವ್ಯಾಪಾರಿಯದು. ಕಾಳಿನ ವ್ಯಾಪಾರಿಗಳು ಬಡವರ ಹೊಟ್ಟೆ ಹೊಡೆಯುತ್ತಾರೆ ಎಂದು ಪತ್ರಿಕೆಯಲ್ಲಿ ಬರೆಯಬಹುದು, ತಡೆಯಕೂಡದು. ಅದೇ ಮಾತನ್ನು, ಸಿಟ್ಟಿಗೆದ್ದ ಗುಂಪು ವ್ಯಾಪಾರಿಯ ಮನೆ ಮುಂದೆ ನಿಂತಿರುವಾಗ ಕೂಗಿದರೆ ಶಿಕ್ಷೆ ಕೊಡಬಹುದು. ಬ್ಯಾಡಗಿ ಮೆಣಸಿನಕಾಯಿ ಪೇಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಖರೀದಿದಾರರು ದರ ಬೇಕಂತಲೇ ಇಳಿಸುತ್ತಾರೆ ಎಂದು ಲೇಖನ ಬರೆಯುವುದು ಒಂದು. ದರ ಬಿದ್ದ ದಿನ, ಕುದಿಯುತ್ತಿರುವ ಗುಂಪಿನ ಮುಂದೆ ಒಂದು ಅಂಗಡಿಯತ್ತ ಬೆರಳು ತೋರಿಸಿ ಅದನ್ನೇ ಕೂಗುವುದು ಇನ್ನೊಂದು. ಮಾತು ಅದೇ, ಮಾತು ಮಾಡುವ ಕೆಲಸ ಬೇರೆ. ಒಂದರಿಂದ ಓದುಗ ಯೋಚಿಸುತ್ತಾನೆ, ಇನ್ನೊಂದರಿಂದ ಕಲ್ಲು ಏಳುತ್ತದೆ, ಯೋಚನೆಗೆ ಪುರಸೊತ್ತೇ ಇರುವುದಿಲ್ಲ.

ನೋವು ನಿಜ. ನನಗೂ ಆಗುತ್ತದೆ. ಆದರೆ ನೋವನ್ನೇ ಹಾನಿ ಎಂದುಕೊಂಡರೆ ಜಾಸ್ತಿ ಬೇಗ ನೊಂದುಕೊಳ್ಳುವವನ ಕೈಗೆ ಕಾನೂನು ಹೋಗುತ್ತದೆ. ಮಿಲ್ ಮೂರು ಕಾರಣ ಕೊಡುತ್ತಾನೆ. ನೀವು ಅಡಗಿಸಿದ ಮಾತು ನಿಜವಿರಬಹುದು. ಪೂರ್ತಿ ನಿಜವಲ್ಲದಿದ್ದರೂ ಒಂದು ತುಣುಕು ನಿಜ ಇರಬಹುದು. ಪೂರ್ತಿ ಸುಳ್ಳೇ ಇದ್ದರೂ, ಎದುರಿಸಿ ವಾದಿಸದೆ ಇದ್ದರೆ ನಿಮ್ಮ ಸತ್ಯವೇ ಬಾಯಿಪಾಠವಾಗಿ ಒಣಗಿಹೋಗುತ್ತದೆ. ಮೂರನೆಯದು ನನಗೆ ಬಹಳ ದೊಡ್ಡ ಮಾತು ಅನ್ನಿಸುತ್ತದೆ.

ನಮ್ಮ ಊರಲ್ಲಿ ಈ ಪ್ರಶ್ನೆ ಬರೀ ಪಠ್ಯದ್ದಲ್ಲ. 2015ರ ಆಗಸ್ಟ್ 30ರಂದು ಡಾ. ಎಂ.ಎಂ. ಕಲಬುರ್ಗಿಯವರನ್ನು ಕಲ್ಯಾಣ ನಗರದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ವಚನಗಳನ್ನು ಜೀವನವಿಡೀ ಓದಿ, ಸಂಪಾದಿಸಿ, ಕೊಟ್ಟವರು. ಅವರು ಹೇಳಿದ್ದನ್ನು ಒಪ್ಪದವರು ಬಹಳ ಮಂದಿ ಇದ್ದರು, ಕೆಲವು ಮಾತು ನನಗೂ ಒಪ್ಪಿಗೆ ಇರಲಿಲ್ಲ. ಒಪ್ಪದವರು ಬರೆದು ಉತ್ತರಿಸಬಹುದಿತ್ತು, ಎಷ್ಟೋ ಜನ ಹಾಗೆ ಬರೆದರು ಕೂಡ. ಭಾವನೆಯ ನೋವು ದೊಡ್ಡದೋ ಮಾತಿನ ಹಕ್ಕು ದೊಡ್ಡದೋ ಎಂದು ತೂಗುವಾಗ ಆ ಬಾಗಿಲನ್ನು ಮರೆತು ತೂಗಲು ನನಗೆ ಆಗುವುದಿಲ್ಲ.

ಇವರೆಲ್ಲ ಗಂಡಸರು. ಹೆಣ್ಣುಮಕ್ಕಳ ಬಗ್ಗೆ ಯಾರಾದ್ರೂ ಏನಾದ್ರೂ ಬರೆದಿದ್ದಾರಾ?

ಮೇರಿ ವುಲ್‌ಸ್ಟನ್‌ಕ್ರಾಫ್ಟ್. 1792ರಲ್ಲೇ ಮಹಿಳೆಯ ಹಕ್ಕುಗಳ ಬಗ್ಗೆ ಪುಸ್ತಕ ಬರೆದಳು. ಹೆಣ್ಣಿನ ಶಿಕ್ಷಣ ಗಂಡಸನ್ನು ಮೆಚ್ಚಿಸಲಿಕ್ಕೆ ಎಂದು ಹೇಳಿದ್ದ ಚಿಂತಕ ರೂಸೋನನ್ನು ನೇರವಾಗಿ ಎದುರಿಸಿದಳು. ಆಕೆಯ ವಾದ ಸರಳ. ಓದಲು ಬಿಡದೆ ಬೆಳೆಸುತ್ತೀರಿ, ಆಮೇಲೆ ಹೆಂಗಸರಿಗೆ ಬುದ್ಧಿ ಕಡಿಮೆ ಅನ್ನುತ್ತೀರಿ.

ಮಿಲ್ 1869ರಲ್ಲಿ ಹೆಂಗಸರ ಅಧೀನತೆಯ ಬಗ್ಗೆ ಬರೆದ. ಅದಕ್ಕೂ ಮೊದಲು, 1867ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮತದಾನದ ಮಸೂದೆಯಲ್ಲಿ 'ಪುರುಷ' ಎಂಬಲ್ಲಿ 'ವ್ಯಕ್ತಿ' ಎಂದು ತಿದ್ದಿ ಎಂದು ಕೇಳಿದ. ಪರವಾಗಿ 73 ಮತ, ವಿರುದ್ಧ 196. ಒಂದು ಪದದ ತಿದ್ದುಪಡಿಗೆ ಅಷ್ಟು ವಿರೋಧ. ಆತನ ಬರಹದ ಹಿಂದೆ ಹೆಂಡತಿ ಹ್ಯಾರಿಯೆಟ್ ಟೇಲರ್ ಅವರ ಆಲೋಚನೆ ಎಷ್ಟೋ ಇದೆ, ಅದನ್ನು ಆತನೇ ಬರೆದುಕೊಂಡಿದ್ದಾನೆ.

ಬರ್ಲಿನ್ ಹೇಳೋ ಎರಡು ಸ್ವಾತಂತ್ರ್ಯ ನನಗೆ ಎಷ್ಟು ಸಲ ಓದಿದ್ರೂ ಕಲಸಿಹೋಗುತ್ತೆ.

ಇಸಾಯ ಬರ್ಲಿನ್ 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸ ಅದು. ನಕಾರಾತ್ಮಕ ಸ್ವಾತಂತ್ರ್ಯ ಎಂದರೆ ಯಾರೂ ನನಗೆ ಅಡ್ಡ ನಿಲ್ಲದಿರುವುದು. ಸಕಾರಾತ್ಮಕ ಎಂದರೆ ನನ್ನ ಬದುಕಿಗೆ ನಾನೇ ಒಡೆಯನಾಗಿರುವುದು. ಕೆಟ್ಟದ್ದು, ಒಳ್ಳೆಯದು ಎಂಬ ಅರ್ಥ ಬೇಡ.

ಗಂಗೂಬಾಯಿ ಹಾನಗಲ್ಲರನ್ನು ನೆನೆಯಿರಿ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಹೆಣ್ಣು ಹಾಡಬಾರದು ಎಂಬ ಕಾನೂನು ಇರಲಿಲ್ಲ. ಅಷ್ಟರ ಮಟ್ಟಿಗೆ ಅಡ್ಡಿಯಿಲ್ಲ. ಆದರೆ ಜಾತಿಯ ಚುಚ್ಚುಮಾತು, ಓಣಿಯವರ ನೋಟ, ಇವನ್ನೆಲ್ಲ ದಾಟಿ ಕಲಿಯಲು ಹಾಡು ಬಲ್ಲ ತಾಯಿ ಬೇಕಿತ್ತು, ಗುರು ಬೇಕಿತ್ತು, ರೈಲು ಬೇಕಿತ್ತು. ಅವು ಸಿಗದ ಎಷ್ಟು ಗಂಗೂಬಾಯಿಯರು ಅಡುಗೆಮನೆಯಲ್ಲೇ ಉಳಿದರೋ.

ಹಾಗಿದ್ದರೆ ಎರಡನೆಯದೇ ಮೇಲು ಅಲ್ವಾ? ಬರ್ಲಿನ್ ಎಚ್ಚರಿಸುವುದು ಇಲ್ಲೇ. ರಷ್ಯಾದ ಕ್ರಾಂತಿಯನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡವನು ಆತ. 'ನಿನ್ನ ನಿಜವಾದ ಒಳಿತು ನನಗೆ ಗೊತ್ತು' ಎನ್ನುವವರು ಸಕಾರಾತ್ಮಕ ಸ್ವಾತಂತ್ರ್ಯದ ಹೆಸರಿನಲ್ಲೇ ನಿಮ್ಮ ಕತ್ತು ಹಿಡಿಯಬಹುದು. ರೂಸೋ 1762ರಲ್ಲಿ, ಸಮುದಾಯದ ಇಚ್ಛೆಗೆ ಮಣಿಯದವನನ್ನು ಸ್ವತಂತ್ರನಾಗುವಂತೆ ಬಲವಂತ ಮಾಡಬೇಕಾದೀತು ಎಂದದ್ದು ಬರ್ಲಿನ್ನನ ನಿದ್ದೆ ಕೆಡಿಸಿದ ಮಾತು.

ಹಯೆಕ್ ಸರ್ಕಾರನೇ ಬೇಡ ಅಂತಾನಂತೆ?

ಅರ್ಥಶಾಸ್ತ್ರಜ್ಞ ಹಯೆಕ್ ಹಾಗೆ ಹೇಳಿಲ್ಲ. ದಿಕ್ಕಿಲ್ಲದವರಿಗೆ ಸರ್ಕಾರ ಒಂದು ಕನಿಷ್ಠ ಆದಾಯ ಕೊಡಬಹುದು ಎಂದೂ ಬರೆದಿದ್ದಾನೆ. ಆತ ಹೆದರಿದ್ದು ಎಲ್ಲ ಗೊತ್ತಿದೆ ಎಂದುಕೊಂಡ ಯೋಜನಾಧಿಕಾರಿಗೆ.

1945ರ ಒಂದು ಲೇಖನದಲ್ಲಿ ಆತನ ಮುಖ್ಯ ವಿಚಾರ ಇದೆ. ಅದರಲ್ಲಿ ತವರದ ಉದಾಹರಣೆ ಕೊಡುತ್ತಾನೆ, ನಾನು ಮೆಣಸಿನಕಾಯಿಯದು ಕೊಡುತ್ತೇನೆ. ಗುಂಟೂರಿನ ಕಡೆ ಬೆಳೆ ಹೋಯಿತು ಎಂದುಕೊಳ್ಳಿ. ಕುಂದಗೋಳದ ರೈತನಿಗೆ ಆ ಸುದ್ದಿ ಗೊತ್ತಾಗಬೇಕೆಂದೇ ಇಲ್ಲ. ಬ್ಯಾಡಗಿಯಲ್ಲಿ ದರ ಏರಿತು, ಅವನು ಮುಂದಿನ ಸಲ ಒಂದೆಕರೆ ಜಾಸ್ತಿ ಹಾಕಿದ. ಮಸಾಲೆ ಮಾಡುವವನು ಸ್ವಲ್ಪ ಕಡಿಮೆ ಕೊಂಡ. ಸಾವಿರಾರು ಜನರ ತಲೆಯಲ್ಲಿ ಹಂಚಿಹೋದ ತಿಳಿವಳಿಕೆ ಒಂದು ಅಂಕಿಯಲ್ಲಿ ಕೂಡಿಕೊಂಡು ಬಂತು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತ ಯಾರಿಗೂ ಇಷ್ಟು ಒಟ್ಟಿಗೆ ತಿಳಿಯಲು ಆಗದು. ಇದು ಸರಿಯಾದ ಮಾತು. ಆದರೆ ಏರಿದ ದರ ಬೀಳುವಾಗ ಸಾಲ ಮಾಡಿದವನ ಗತಿಯೇನು ಎನ್ನುವುದಕ್ಕೆ ಹಯೆಕ್ ಹತ್ತಿರ ಸಮಾಧಾನದ ಉತ್ತರ ಇಲ್ಲ.

ರಾಲ್ಸ್‌ನ ಅಜ್ಞಾನದ ಪರದೆ ಅರ್ಥ ಆಗೋ ಹಾಗೆ ಹೇಳಿ, ಪ್ಲೀಸ್.

ಚಿಕ್ಕ ಮಕ್ಕಳಿಂದ ಶುರು ಮಾಡೋಣ. ಒಂದು ದೊಡ್ಡ ಧಾರವಾಡ ಪೇಡೆ, ಇಬ್ಬರು ಮಕ್ಕಳು. ಒಬ್ಬ ಕತ್ತರಿಸಲಿ, ಇನ್ನೊಬ್ಬ ಮೊದಲು ಆರಿಸಿಕೊಳ್ಳಲಿ. ಕತ್ತರಿಸುವವನು ಸಮ ಮಾಡಿಯೇ ಕತ್ತರಿಸುತ್ತಾನೆ, ಯಾಕೆಂದರೆ ತನಗೆ ಯಾವ ತುಂಡು ಬರುತ್ತದೋ ಗೊತ್ತಿಲ್ಲ.

ಜಾನ್ ರಾಲ್ಸ್ 1971ರಲ್ಲಿ ಇದನ್ನೇ ಇಡೀ ಸಮಾಜಕ್ಕೆ ಹಿಡಿದ. ಸಮಾಜದ ನಿಯಮ ಬರೆಯಲು ಎಲ್ಲರೂ ಸೇರಿದ್ದೀರಿ. ಆದರೆ ಮುಂದೆ ಪರದೆ ಇದೆ. ನೀವು ಗಂಡೋ ಹೆಣ್ಣೋ, ಯಾವ ಜಾತಿಯೋ, ನೂರೆಕರೆ ಜಮೀನ್ದಾರನ ಮಗನೋ ಕೂಲಿಯವಳ ಮಗಳೋ, ಬುದ್ಧಿವಂತರೋ ಅಲ್ಲವೋ, ಏನೂ ಗೊತ್ತಿಲ್ಲ. ಈಗ ನಿಯಮ ಬರೆಯಿರಿ. ಅಸ್ಪೃಶ್ಯತೆ ಇರಲಿ ಎಂದು ಯಾರು ಬರೆಯುತ್ತಾರೆ? ಪರದೆ ಸರಿದಾಗ ತಾನೇ ಕೇರಿಯಾಚೆ ನಿಂತಿರಬಹುದಲ್ಲ.

ಹೀಗೆ ಬರೆದರೆ ಎರಡು ನಿಯಮ ಬರುತ್ತವೆ ಎನ್ನುತ್ತಾನೆ. ಮೊದಲನೆಯದು, ಮೂಲ ಸ್ವಾತಂತ್ರ್ಯಗಳು ಎಲ್ಲರಿಗೂ ಸಮ. ಇದನ್ನು ಹಣಕ್ಕಾಗಿ ಮಾರುವಂತಿಲ್ಲ. ಎರಡನೆಯದು, ಅಸಮಾನತೆ ಇರಬಹುದು, ಆದರೆ ಹುದ್ದೆಗಳಿಗೆ ಎಲ್ಲರಿಗೂ ನಿಜವಾದ ಅವಕಾಶ ಇರಬೇಕು, ಮತ್ತು ಆ ಅಸಮಾನತೆಯಿಂದ ಎಲ್ಲಕ್ಕಿಂತ ಕೆಳಗಿರುವವರಿಗೆ ಲಾಭವಾಗಬೇಕು. ವೈದ್ಯರಿಗೆ ಸಂಬಳ ಜಾಸ್ತಿ ಕೊಡುವುದರಿಂದ ಹಳ್ಳಿಯ ಬಡವನಿಗೂ ವೈದ್ಯ ಸಿಗುತ್ತಾನೆ ಎಂದಾದರೆ ಸರಿ.

ರಾಲ್ಸ್ ಬಾಲಕನಾಗಿದ್ದಾಗ ಅವನಿಂದ ಸೋಂಕು ಹತ್ತಿ ಇಬ್ಬರು ತಮ್ಮಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಇವನು ಬದುಕಿದ. ಯಾವ ತಪ್ಪೂ ಇಲ್ಲದೆ ಕೆಲವರು ಉಳಿಯುತ್ತಾರೆ, ಕೆಲವರು ಹೋಗುತ್ತಾರೆ. ಬದುಕಿನಲ್ಲಿ ಅದೃಷ್ಟಕ್ಕೆ ಇಷ್ಟು ಬಲ ಯಾಕೆ ಎಂದು ಆತ ಜೀವಮಾನವಿಡೀ ಕೇಳಿದ್ದರ ಬೇರು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ನೋಜಿಕ್ ಇದಕ್ಕೆ ಏನ್ ಉತ್ತರ ಕೊಟ್ಟ? ಶಕ್ತಿ ಯೋಜನೆ ಬಸ್ಸು ಆತನ ಪ್ರಕಾರ ತಪ್ಪಾ?

ರಾಬರ್ಟ್ ನೋಜಿಕ್ ರಾಲ್ಸ್ ಜೊತೆ ಒಂದೇ ಹಾರ್ವರ್ಡಿನಲ್ಲಿದ್ದವನು. 1974ರಲ್ಲಿ ಉತ್ತರ ಬರೆದ. ಬಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್ ಆಟ ನೋಡಲು 10 ಲಕ್ಷ ಜನ ತಲಾ 25 ಸೆಂಟ್ ಖುಷಿಯಿಂದ ಕೊಟ್ಟರು. ಅವನ ಹತ್ತಿರ ಎರಡೂವರೆ ಲಕ್ಷ ಡಾಲರ್ ಆಯಿತು. ಕೊಟ್ಟವರು ತಮ್ಮ ಹಣ ಕೊಟ್ಟರು, ಯಾರಿಗೂ ಮೋಸವಿಲ್ಲ. ಹಾಗಿದ್ದರೆ ಅನ್ಯಾಯ ಎಲ್ಲಿ ಬಂತು? ದುಡಿಮೆಯ ಮೇಲಿನ ತೆರಿಗೆ ಬಿಟ್ಟಿ ಚಾಕರಿಗೆ ಸಮ ಎಂದುಬಿಟ್ಟ.

2023ರ ಜೂನ್‌ನಲ್ಲಿ ಶುರುವಾದ ಮಹಿಳೆಯರ ಉಚಿತ ಬಸ್ ಪ್ರಯಾಣ ನೋಜಿಕ್ ಪ್ರಕಾರ ತಪ್ಪೇ. ಒಬ್ಬರ ತೆರಿಗೆಯಿಂದ ಇನ್ನೊಬ್ಬರ ಟಿಕೆಟ್. ರಾಲ್ಸ್ ಕೇಳುವುದು ಬೇರೆ: ಇದರಿಂದ ಎಲ್ಲಕ್ಕಿಂತ ಕೆಳಗಿರುವ ಹೆಂಗಸಿಗೆ ಲಾಭವಾಯಿತೇ? ಮನೆಗೆಲಸಕ್ಕೆಂದು ದಿನಾ ಹಳ್ಳಿಯಿಂದ ಹುಬ್ಬಳ್ಳಿಗೆ ಬರುವವಳ ಬಸ್ಸಿನ ದುಡ್ಡು ಉಳಿದು, ಗಂಡನ ಮುಂದೆ ಕೈಚಾಚುವುದು ತಪ್ಪಿದ್ದರೆ ಸರಿ ಎನ್ನುತ್ತಾನೆ. ನಾನು ರಾಲ್ಸ್ ಕಡೆಗೆ. ಆದರೆ ನೋಜಿಕ್‌ನ ಪ್ರಶ್ನೆಯನ್ನು ಬದಿಗೆ ತಳ್ಳಬೇಡಿ. ಇನ್ನೊಂದು, ನೋಜಿಕ್ ತಾನೇ ಒಪ್ಪಿದ್ದಾನೆ: ಮೊದಲ ಆಸ್ತಿ ಕಸಿದದ್ದಾದರೆ ಅದನ್ನು ಸರಿಪಡಿಸಬೇಕು. ನಮ್ಮ ಊರುಗಳ ಜಮೀನಿನ ಚರಿತ್ರೆಗೆ ಆ ಮಾತು ಹಚ್ಚಿ ನೋಡಿ.

## ಓದಿ ಜಗಳಕ್ಕೆ ಬರುವವರ ಪ್ರಶ್ನೆಗಳು

ಲಾಕ್ ಗುಲಾಮರ ವ್ಯಾಪಾರದಲ್ಲಿ ದುಡ್ಡು ಹಾಕಿದ್ದ, ಮಿಲ್ ಕಂಪನಿ ನೌಕರ. ಇಂಥವರಿಂದ ನಾವು ಸ್ವಾತಂತ್ರ್ಯ ಕಲೀಬೇಕಾ?

ಎರಡೂ ನಿಜ. ಲಾಕ್ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಪಾಲು ಹಾಕಿದ್ದ. ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಕೂತು ಈಸ್ಟ್ ಇಂಡಿಯಾ ಕಂಪನಿಯ ಕಾಗದ ಬರೆದ. ಒಂದು ದಿನವೂ ಭಾರತಕ್ಕೆ ಬರಲಿಲ್ಲ. 'ಆನ್ ಲಿಬರ್ಟಿ'ಯ ಮೊದಲ ಅಧ್ಯಾಯದಲ್ಲೇ, ಈ ಸ್ವಾತಂತ್ರ್ಯ ಇನ್ನೂ ಬೆಳೆಯದ ಜನಾಂಗಗಳಿಗೆ ಅಲ್ಲ, ಅವರಿಗೆ ನಿರಂಕುಶ ಆಡಳಿತವೇ ಸರಿ ಎಂದು ಬರೆದ. ಅದು ನಮ್ಮ ಅಜ್ಜ ಮುತ್ತಜ್ಜರ ಬಗ್ಗೆ ಬರೆದದ್ದು. ಮೊದಲ ಸಲ ಓದಿದಾಗ ನನಗೆ ಪುಸ್ತಕ ಮುಚ್ಚಿಡಬೇಕು ಅನ್ನಿಸಿತ್ತು.

ಮುಚ್ಚಿಡಲಿಲ್ಲ. ಯಾಕೆಂದರೆ ಆತನ ತಪ್ಪನ್ನು ತೋರಿಸಲು ಬೇಕಾದ ಅಳತೆಗೋಲು ಆತನ ಪುಸ್ತಕದಲ್ಲೇ ಇದೆ. ತಡೆಯುವವನು ಕಾರಣ ಕೊಡಬೇಕು ಎಂದೆಯಲ್ಲ, ನಮ್ಮನ್ನು ತಡೆಯಲು ಕೊಟ್ಟ ಕಾರಣ ಪರೀಕ್ಷೆಗೆ ನಿಲ್ಲುತ್ತದೆಯೇ? ದಾದಾಭಾಯಿ ನವರೋಜಿ ಮಾಡಿದ್ದು ಇದನ್ನೇ. 1892ರಲ್ಲಿ ಲಿಬರಲ್ ಪಕ್ಷದಿಂದಲೇ ಬ್ರಿಟಿಷ್ ಸಂಸತ್ತಿಗೆ ಆರಿಸಿ ಹೋದರು. ಭಾರತದ ಸಂಪತ್ತು ಹೇಗೆ ಸೋರಿಹೋಗುತ್ತಿದೆ ಎಂದು ಲೆಕ್ಕ ಹಾಕಿ, ಇದು ನಿಮ್ಮದೇ ತತ್ವಕ್ಕೆ ವಿರುದ್ಧ ಎಂದು ಅವರ ಮುಖಕ್ಕೇ ಹೇಳಿದರು.

ಅಂಬೇಡ್ಕರ್ ಉದಾರವಾದಿನಾ? ಹಾಗೆ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರಾ?

ಕಾರಣ ಕೊಟ್ಟು ಬರೆದರೆ ಮಾಡಲಾರರು. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಎಲ್ಲರಿಗಿಂತ ಹತ್ತಿರದಿಂದ ಅಧಿಕಾರದ ಕೈ ನೋಡಿದವರು ಅವರೇ.

ಯುರೋಪಿನವರು ರಾಜನಿಗೆ ಹೆದರಿದರು. ಅಂಬೇಡ್ಕರ್ ಕಂಡದ್ದು ಕಿರೀಟ ಇಲ್ಲದ, ಸೈನ್ಯ ಇಲ್ಲದ ಅಧಿಕಾರ. ಬಾವಿಯ ಹತ್ತಿರ, ದೇವಸ್ಥಾನದ ಬಾಗಿಲಲ್ಲಿ, ಊಟದ ಪಂಕ್ತಿಯಲ್ಲಿ, ಮದುವೆಯ ಮಾತಿನಲ್ಲಿ ಕೂತ ಅಧಿಕಾರ. ಲಾಕ್ ಹೇಳಿದ ಹಾಗೆ ಸರ್ಕಾರದ ಕೈ ಕಟ್ಟಿಬಿಟ್ಟರೆ ಇಲ್ಲಿ ಸ್ವಾತಂತ್ರ್ಯ ಬರುವುದಿಲ್ಲ, ಜಾತಿಯ ಕೈ ಇನ್ನೂ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡುವಾಗ ಸರ್ಕಾರಕ್ಕಷ್ಟೇ ಅಲ್ಲ, ಪ್ರತಿಯೊಬ್ಬ ನಾಗರಿಕನಿಗೂ ಅನ್ವಯಿಸುತ್ತದೆ. ಬೇರೆ ಹಲವು ದೇಶಗಳ ಹಕ್ಕುಗಳ ಪಟ್ಟಿ ಸರ್ಕಾರದ ಕಡೆಗಷ್ಟೇ ಮುಖ ಮಾಡಿರುತ್ತದೆ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಘಟಕವಾಗಿ ಇಟ್ಟುಕೊಂಡದ್ದು ನನಗೆ ಸಂತೋಷ ಎಂದರು. ಹಳ್ಳಿಯನ್ನು ಹೊಗಳಿ ಹಾಡುವವರಿಗೆ ಇದು ಕಹಿ. ನನ್ನದೂ ಹಾವೇರಿ ಕಡೆಯ ಹಳ್ಳಿ, ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ನನ್ನ ಜೊತೆ ಶಾಲೆಗೆ ಬರುತ್ತಿದ್ದ ಗೆಳೆಯನಿಗೆ ಊರ ಹೋಟೆಲಿನಲ್ಲಿ ಬೇರೆ ಲೋಟ ಇತ್ತು, ಅದೂ ಹೊರಗೆ ಗೂಡಿನಲ್ಲಿ. ನಾನು ಒಳಗೆ ಕೂತು ಚಹಾ ಕುಡಿದಿದ್ದೇನೆ. ಆ ವಯಸ್ಸಿನಲ್ಲಿ ಏನೂ ಅನ್ನಿಸಿರಲಿಲ್ಲ. ಅಂಬೇಡ್ಕರರನ್ನು ಓದಿದ ಮೇಲೆ ಅನ್ನಿಸಿತು, ಈಗಲೂ ಹೋಗಿಲ್ಲ.

1949ರ ನವೆಂಬರ್ 25ರ ಭಾಷಣದಲ್ಲಿ ಮಿಲ್‌ನ ಹೆಸರು ತೆಗೆದು, ಎಷ್ಟೇ ದೊಡ್ಡ ಮನುಷ್ಯನಿರಲಿ, ನಿಮ್ಮ ಸ್ವಾತಂತ್ರ್ಯವನ್ನು ಅವನ ಕಾಲ ಬಳಿ ಇಡಬೇಡಿ ಎಂದು ಎಚ್ಚರಿಸಿದರು. ಅದೇ ಭಾಷಣದಲ್ಲಿ ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಬೇರೆ ಬೇರೆ ಮಾಡಲಾಗದು ಎಂದರು. ಪಾಶ್ಚಾತ್ಯ ಉದಾರವಾದಿಗಳು ಬಂಧುತ್ವದ ಬಗ್ಗೆ ಬರೆದದ್ದು ಕಡಿಮೆ. ಒಂದೇ ಲೋಟದಲ್ಲಿ ನೀರು ಕುಡಿಯಲಾಗದವರ ನಡುವೆ ಹಕ್ಕಿನ ಕಾಗದ ಎಷ್ಟು ದಿನ ಬಾಳೀತು?

ಬಸವಣ್ಣನವರು ಲಾಕ್‌ಗಿಂತ 500 ವರ್ಷ ಮೊದಲೇ ಇದೆಲ್ಲ ಹೇಳಿದ್ದಾರಲ್ಲ?

ನಮ್ಮ ಭಾಗದಲ್ಲಿ ಈ ಪ್ರಶ್ನೆ ಬರದ ಸಭೆಯೇ ಇಲ್ಲ. ಶರಣರು ಹುಟ್ಟಿನ ಮೇಲು ಕೀಳನ್ನು ಅಲ್ಲಗಳೆದರು. ಕಾಯಕಕ್ಕೆ ಗೌರವ ಕೊಟ್ಟರು. ಹೆಂಗಸರು ವಚನ ಬರೆದರು, ವಾದಿಸಿದರು. ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣದಲ್ಲಿ ರಕ್ತ ಹರಿಯಿತು ಎಂದು ಪರಂಪರೆ ಹೇಳುತ್ತದೆ. ಇಷ್ಟು ದೊಡ್ಡ ಕೆಲಸಕ್ಕೆ ಲಾಕ್‌ನ ಸರ್ಟಿಫಿಕೇಟ್ ಬೇಕಿಲ್ಲ.

ಆದರೆ ರಾಜ್ಯದ ಎದುರು ವ್ಯಕ್ತಿಗೆ ಹಕ್ಕುಗಳಿವೆ, ಸಂವಿಧಾನದಿಂದ ಅಧಿಕಾರವನ್ನು ಕಟ್ಟಬೇಕು ಎಂಬುದು ಅವರ ಪ್ರಶ್ನೆ ಆಗಿರಲಿಲ್ಲ. ಅವರ ಹುಡುಕಾಟ ಶಿವನ ಕಡೆಗೆ, ಭಕ್ತರ ಸಮುದಾಯದ ಕಡೆಗೆ. ಎರಡನ್ನೂ ಒಂದೇ ಅಂದುಬಿಟ್ಟರೆ ಎರಡನ್ನೂ ಓದದೆ ಇರಲು ಒಳ್ಳೆಯ ನೆಪ ಸಿಗುತ್ತದೆ, ಅಷ್ಟೇ.

ನನಗೆ ಮನೆ ಇದೆ, ಕುಲ ಇದೆ, ಮಠ ಇದೆ. ಇವರು ಹೇಳೋ ಒಂಟಿ ವ್ಯಕ್ತಿ ಎಲ್ಲಿದ್ದಾನೆ?

ಇದನ್ನು ಒಬ್ಬ ನಿವೃತ್ತ ಮಾಸ್ತರರು ಪತ್ರದಲ್ಲಿ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಮೈಕೆಲ್ ಸ್ಯಾಂಡೆಲ್ 1982ರಲ್ಲಿ ರಾಲ್ಸ್‌ಗೆ ಕೇಳಿದ್ದೂ ಇದೇ. ಪರದೆಯ ಹಿಂದೆ ಜಾತಿ, ಮನೆ, ಭಾಷೆ, ನಂಬಿಕೆ ಎಲ್ಲ ಕಳಚಿಟ್ಟ ಮೇಲೆ ಯೋಚಿಸಲು ಉಳಿಯುವವನು ಯಾರು? ನಾವು ಸಂಬಂಧಗಳನ್ನು ಅಂಗಿಯ ಹಾಗೆ ಆರಿಸಿಕೊಳ್ಳುವುದಿಲ್ಲ, ಅವುಗಳಲ್ಲೇ ಹುಟ್ಟುತ್ತೇವೆ.

ಒಪ್ಪುತ್ತೇನೆ. ಗದುಗಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರ ಸಂಘ ಕಟ್ಟಿದ್ದು ಒಬ್ಬರನ್ನೊಬ್ಬರು ನಂಬಿದ್ದರಿಂದಲೇ. ಆದರೆ ನನ್ನ ಹತ್ತಿರ ಓದಿದ ಒಬ್ಬಳು ಹುಡುಗಿ ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆ ಎಂದಾಗ ಮನೆ, ಕುಲ ಎಲ್ಲ ಒಟ್ಟಾಗಿ ಅವಳ ಫೋನ್ ಕಸಿದು ಕೋಣೆಯಲ್ಲಿಟ್ಟವು. ಆ ಹೊತ್ತಿಗೆ ಅವಳಿಗೆ ಬೇಕಾದದ್ದು ಬೇರುಗಳ ಪಾಠವಲ್ಲ, ಬಾಗಿಲು. ಸಮುದಾಯದಲ್ಲಿ ಇರುವ ಹಕ್ಕಿನಷ್ಟೇ ಅದರಿಂದ ಹೊರಗೆ ಬರುವ ಹಕ್ಕೂ ಗಟ್ಟಿಯಿರಬೇಕು. ಉದಾರವಾದ ಒಂಟಿಯಾಗಿರಿ ಎಂದು ಹೇಳುವುದಿಲ್ಲ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಬೇಡಿ ಎನ್ನುತ್ತದೆ.

ಎಲ್ಲರನ್ನೂ ಸಹಿಸಬೇಕು ಅಂದ್ರೆ, ಸಹನೆಯನ್ನೇ ಮುಗಿಸೋಕೆ ಬರುವವರನ್ನೂ ಸಹಿಸಬೇಕಾ?

ಕಾರ್ಲ್ ಪಾಪರ್ 1945ರಲ್ಲಿ ಒಂದು ಅಡಿಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಬರೆದ. ಮಿತಿಯಿಲ್ಲದ ಸಹನೆ ಕೊನೆಗೆ ಸಹನೆಯನ್ನೇ ನುಂಗುತ್ತದೆ. ಜನ ಅರ್ಧ ಓದಿ ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದೆ ಆತ ಹೇಳುವುದು: ವಾದದಿಂದ ಎದುರಿಸಲು ಆಗುವವರೆಗೆ ಅವರ ಬಾಯಿ ಮುಚ್ಚಿಸುವುದು ಅವಿವೇಕ. ಅವರು ವಾದಕ್ಕೆ ಮುಷ್ಟಿಯಿಂದ, ಪಿಸ್ತೂಲಿನಿಂದ ಉತ್ತರಿಸಿ ಎಂದು ತಮ್ಮವರಿಗೆ ಕಲಿಸತೊಡಗಿದಾಗ ಮಾತ್ರ ತಡೆಯುವ ಹಕ್ಕು ನಮಗೆ ಬರುತ್ತದೆ. ನಮಗೆ ಇಷ್ಟವಿಲ್ಲದ ಮಾತಿಗೆಲ್ಲ ಪಾಪರ್ ಹೆಸರು ಹೇಳಿ ಬೀಗ ಹಾಕುವಂತಿಲ್ಲ.

ಅಮರ್ತ್ಯ ಸೇನ್ ಇವರಿಗಿಂತ ಬೇರೆ ಏನ್ ಹೇಳಿದ್ರು?

2009ರಲ್ಲಿ ಒಂದು ಕೊಳಲಿನ ಕಥೆ ಹೇಳಿದರು. ಮೂರು ಮಕ್ಕಳು, ಒಂದು ಕೊಳಲು. ಒಬ್ಬಳಿಗೆ ನುಡಿಸಲು ಬರುತ್ತದೆ. ಒಬ್ಬನ ಹತ್ತಿರ ಆಡಲು ಬೇರೇನೂ ಇಲ್ಲ, ಅಷ್ಟು ಬಡವ. ಇನ್ನೊಬ್ಬಳು ತಿಂಗಳುಗಟ್ಟಲೆ ಕೂತು ಅದನ್ನು ಮಾಡಿದವಳು. ಯಾರಿಗೆ ಕೊಡುತ್ತೀರಿ? ಮೂರಕ್ಕೂ ಗಟ್ಟಿ ಕಾರಣ ಇದೆ. ಒಂದೇ ಪರಿಪೂರ್ಣ ನ್ಯಾಯವನ್ನು ಹುಡುಕುತ್ತ ಕೂರುವುದಕ್ಕಿಂತ ಕಣ್ಣಿಗೆ ಕಾಣುವ ಅನ್ಯಾಯವನ್ನು ಕಡಿಮೆ ಮಾಡೋಣ ಎನ್ನುತ್ತಾರೆ ಸೇನ್. ಒಬ್ಬರ ಹತ್ತಿರ ಎಷ್ಟಿದೆ ಎಂದಲ್ಲ, ಅದರಿಂದ ಅವರು ಏನಾಗಬಲ್ಲರು, ಏನು ಮಾಡಬಲ್ಲರು ಎಂದು ಕೇಳಬೇಕು. ಸೈಕಲ್ ಕೊಟ್ಟರೆ ಸಾಲದು, ಕಾಲಿಲ್ಲದ ಹುಡುಗನಿಗೆ ಅದೇ ಸೈಕಲ್ ಏನು ಕೊಟ್ಟಿತು?

ಈ ಕೊಳಲಿನ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗೆಲ್ಲ ಜಗಳ ಆಗುತ್ತದೆ. ಧಾರವಾಡದ ಮಕ್ಕಳು ಬಹುಪಾಲು ನುಡಿಸುವವಳಿಗೆ ಕೊಡುತ್ತಾರೆ.

ಸರ್, ಇಷ್ಟೆಲ್ಲ ಇಂಗ್ಲಿಷಿನಲ್ಲಿ ಓದೋಕಾಗಲ್ಲ. ಎಲ್ಲಿಂದ ಶುರು ಮಾಡ್ಲಿ?

ಅಂಬೇಡ್ಕರರ 1949ರ ನವೆಂಬರ್ 25ರ ಭಾಷಣದಿಂದ. ಅವರ ಬರಹ, ಭಾಷಣಗಳು ಕನ್ನಡದಲ್ಲಿ ಸಂಪುಟಗಳಾಗಿ ಬಂದಿವೆ, ಗ್ರಂಥಾಲಯದಲ್ಲಿ ಕೇಳಿ. ಒಂದೇ ಕೂತಲ್ಲಿ ಮುಗಿಯುತ್ತದೆ. ಅದಾದ ಮೇಲೆ ಅವರ 'ಜಾತಿ ವಿನಾಶ'. 1936ರಲ್ಲಿ ಲಾಹೋರಿನ ಸಭೆಗಾಗಿ ಬರೆದ ಭಾಷಣ ಅದು. ಕರೆದವರೇ ಹೆದರಿ ಸಭೆ ರದ್ದು ಮಾಡಿದಾಗ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಇಂಗ್ಲಿಷಿಗೆ ಕೈ ಹಾಕುವ ಧೈರ್ಯ ಬಂದರೆ ಮಿಲ್‌ನ ಎರಡನೇ ಅಧ್ಯಾಯ, ದಿನಕ್ಕೆ ಎರಡು ಪುಟ, ಪಕ್ಕದಲ್ಲಿ ನಿಘಂಟು. ತಿಳಿಯದ ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ ತನ್ನಿ, ಚಹಾದಂಗಡಿಯಲ್ಲಿ ಕೂತು ನೋಡೋಣ.